ಬೆನ್ನಿಗಾಗಿ ಕೇಳಿದ ಆರು ತಿಂಗಳು

೧೯೫೭ ನವೆಂಬರ್ ೧೧, ಸೋಮವಾರ

ಸೋದರಳಿಯ ಕುಶಾಲಪ್ಪ ತೋಟದ ಹಳೆಯ ಹಾಜರಿ ಪುಸ್ತಕವೊಂದನ್ನು ಒಲೆಗೆ ಹಾಕಲು ಇಟ್ಟಿದ್ದ. ಹಿಂದಿನ ಅರ್ಧ ಖಾಲಿಯಿತ್ತು. ಎತ್ತಿಟ್ಟುಕೊಂಡೆ. ಪ್ರತಿ ಭಾನುವಾರ ಸೋಮವಾರಪೇಟೆಯಲ್ಲಿರುವ ಅವನ ಅಪ್ಪ, ನನ್ನ ತಮ್ಮ ಸಾಂತಪ್ಪನಿಗೆ ಕಾಗದ ಬರೆಯುವುದು ನನ್ನ ರೂಢಿ. ಆದರೆ ಇವತ್ತು ಕಂಡದ್ದನ್ನು ಅವನಿಗೆ ಬರೆಯುವ ಹಾಗಿಲ್ಲ. ಎಲ್ಲಾದರೂ ಬರೆಯದಿದ್ದರೆ ನನಗೆ ತಡೆಯುವುದೂ ಇಲ್ಲ. ನಲವತ್ತು ದಾಟಿದ ಮೇಲೆ ಮಕ್ಕಳ ಸ್ಲೇಟು ನೋಡಿ ಅಕ್ಷರ ಕಲಿತವಳಿಗೆ ಇದೊಂದು ಚಟ.

ಬೆಳಿಗ್ಗೆ ಕುಶಾಲಪ್ಪನ ಹೆಂಡತಿ ಪ್ರೇಮಾವತಿ ಮಗಳಿಗೆ ಎಣ್ಣೆ ಸ್ನಾನ ಮಾಡಿಸುತ್ತಿದ್ದವಳು ಬಚ್ಚಲಿನಿಂದಲೇ ಕೂಗಿದಳು. "ಅತ್ತೆ, ಒಂಚೂರು ಇತ್ತ ಬನ್ನಿ. ಇದು ಎಂತದ್ದು ನೋಡಿ."

ಯಮುನನಿಗೆ ಹದಿಮೂರು. ಬಾಗಿ ಕೂತಿದ್ದಳು. ಬಲಗಡೆಯ ಹೆಗಲ ಹಲಗೆ ಎದ್ದು ನಿಂತಿದೆ. ಎಡಗಡೆಯದು ಒಳಗೆ ಹೋಗಿದೆ. ಕತ್ತಿನ ಕೆಳಗಿನ ಗುಂಡು ಮೂಳೆಯಿಂದ ಬೆರಳು ಇಳಿಸಿಕೊಂಡು ಬಂದೆ. ನಾಲ್ಕು ಬೆರಳಿನಷ್ಟು ನೆಟ್ಟಗೆ ಬಂದು, ಅಲ್ಲಿಂದ ಬಲಕ್ಕೆ ಹೊರಳಿ, ಸೊಂಟದ ಹತ್ತಿರ ಮತ್ತೆ ನಡುವಿಗೆ ಬಂತು.

"ಬಿದ್ದಿದ್ದಾ ಮಗ?"

"ಇಲ್ಲೆ ಅಜ್ಜಿ."

"ಭಾರ ಎತ್ತಿದ್ದಾ?"

"ಸ್ಕೂಲಿನ ಚೀಲ ಬಿಟ್ಟರೆ ಎಂತ ಇಲ್ಲೆ."

ಸೋದರಳಿಯನ ಮಗಳು ನನಗೆ ಮೊಮ್ಮಗಳೇ. ಗಂಡ ತೀರಿಕೊಂಡ ಮೇಲೆ, ಕುಶಾಲಪ್ಪ ಲೆಕ್ಕ ಬರೆಯುವ ಕಾಫಿ ಎಸ್ಟೇಟಿನ ಈ ರೈಟರ ಕ್ವಾರ್ಟರ್ಸಿಗೆ ನಾನು ಬಂದಾಗ ಅವಳು ತೊಟ್ಟಿಲಲ್ಲಿದ್ದಳು. ಎಳವೆಯಲ್ಲಿ ಅವಳ ಬೆನ್ನಿಗೆ ದಿನವೂ ಎಣ್ಣೆ ತಿಕ್ಕಿದ ಕೈ ಇದು. ಯಾವಾಗ ಹೀಗಾಯಿತೋ ತಿಳಿಯಲಿಲ್ಲ.

ನವೆಂಬರ್ ೧೩, ಬುಧವಾರ

ಎಸ್ಟೇಟಿಗೆ ವಾರಕ್ಕೊಮ್ಮೆ ಬರುವ ಡಾಕ್ಟರು ಮನೆಗೇ ಬಂದು ನೋಡಿದರು. ಮಗುವನ್ನು ಮುಂದಕ್ಕೆ ಬಗ್ಗಿಸಿ, ಹಿಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಬೆನ್ನುಮೂಳೆ ಬೆಳೆಯುತ್ತ ಬೆಳೆಯುತ್ತ ಸೊಟ್ಟ ತಿರುಗುವ ಕಾಯಿಲೆಯಂತೆ. ಯಾಕೆ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲವಂತೆ. ಮದ್ರಾಸಿನ ಕಡೆ ದೊಡ್ಡ ಆಸ್ಪತ್ರೆಯೊಂದಿದೆ, ಅಲ್ಲಿ ಮೂಳೆಯ ಪೋಟೋ ಹಿಡಿದು ಪ್ಲಾಸ್ಟರು ಹಾಕುತ್ತಾರೆ, ಬೆಳೆಯುವ ವಯಸ್ಸು ಮುಗಿಯುವ ಮೊದಲು ಹೋಗಬೇಕು ಎಂದರು.

ಪ್ರೇಮಾವತಿ ಅಡಿಗೆ ಮನೆಗೆ ಹೋಗಿ ಅತ್ತಳು. "ಮದ್ರಾಸಿಗೆ ಕರಕೊಂಡು ಹೋದರೆ ಗೋಣಿಕೊಪ್ಪಲಿಂದ ಸೋಮವಾರಪೇಟೆವರೆಗೆ ಗೊತ್ತಾಕು. ನಾಳೆ ಮದುವೆಯಲ್ಲಿ ಶಾಸ್ತ್ರಕ್ಕೆ ನೀರಿನ ಕೊಡ ಹೊತ್ತು ಬರುವಾಗ ಜನ ಕೊಡ ನೋಡ್ತಾರಾ, ಬೆನ್ನು ನೋಡ್ತಾರಾ?"

ನಾನು ಡಾಕ್ಟರಿಗೆ ಹೇಳಿದೆ, ನಮ್ಮತ್ತೆ ಕಲಿಸಿದ ವಿದ್ಯೆ, ಮೂವತ್ತು ವರ್ಷದಿಂದ ಮೂಳೆ ಕೂರಿಸುತ್ತಿದ್ದೇನೆ ಎಂದು. ಅವರು ನಕ್ಕರು. ಕುಹಕದ ನಗು ಅಲ್ಲ. "ನಿಮ್ಮ ಕೈ ನನಗೆ ಗೊತ್ತು ಅಮ್ಮ. ಕಳಚಿದ್ದನ್ನ ನೀವು ಕೂಡಿಸ್ತೀರಿ. ಇದು ಕಳಚಿದ್ದಲ್ಲ."

ನನಗೆ ಸಿಟ್ಟು ಬಂತು. ಅವರು ಹೋದ ಮೇಲೆ ಕುಶಾಲಪ್ಪನಿಗೆ ಹೇಳಿದೆ. "ಆರು ತಿಂಗಳು ನಂಗೆ ಕೊಡು. ಸರಿ ಆಗದಿದ್ರೆ ಮದ್ರಾಸಿಗಾದರೂ ಹೋಗು, ಕಾಶಿಗಾದರೂ ಹೋಗು."

ಅವನು ತನ್ನ ಎಡಗೈ ಮೊಣಗಂಟನ್ನು ಸವರಿಕೊಂಡ. ಎಂಟು ವರ್ಷದವನಿದ್ದಾಗ ಹಲಸಿನ ಮರದಿಂದ ಬಿದ್ದು ಮುರಿದುಕೊಂಡಿದ್ದ ಕೈ. ಕೂರಿಸಿದವಳು ನಾನೇ. "ನೀವು ಹೇಳಿದ ಮೇಲೆ ಮುಗಿಯಿತಲ್ಲಾ ಅತ್ತೆ," ಎಂದ.

ನವೆಂಬರ್ ೨೧, ಅಮಾವಾಸ್ಯೆ

ಶುರು ಮಾಡಿದೆ. ಲಕ್ಕಿ ಸೊಪ್ಪಿನ ಎಣ್ಣೆ ಬೆಚ್ಚಗೆ ಮಾಡಿ ಕತ್ತಿನಿಂದ ಸೊಂಟಕ್ಕೆ ಇಳಿಸುವುದು. ಬಿಸಿ ಮರಳಿನ ಗಂಟಿನಿಂದ ಶಾಖ. ಉಬ್ಬಿದ ಕಡೆಯ ಅಡಿಗೆ ಕಂಬಳಿ ಸುತ್ತಿಟ್ಟು ಒಂದು ಗಳಿಗೆ ಮಲಗಿಸುವುದು. ಕೊನೆಗೆ ಅಟ್ಟದ ತೊಲೆಗೆ ಎರಡೂ ಕೈಯಲ್ಲಿ ಜೋತು ಬೀಳುವುದು, ನೂರು ಎಣಿಸುವವರೆಗೆ. ಬೆಳಿಗ್ಗೆ ಒಂದು ಸಲ, ಸ್ಕೂಲಿನಿಂದ ಬಂದ ಮೇಲೆ ಒಂದು ಸಲ.

ಗುಣ ತಿಳಿಯಲು ಲೆಕ್ಕ ಬೇಕು. ಕೆಂಪು ನೂಲು ತೆಗೆದುಕೊಂಡು ಕತ್ತಿನ ಗುಂಡು ಮೂಳೆಯಿಂದ ಬಾಲದ ಮೂಳೆಯವರೆಗೆ ಬಿಗಿಯಾಗಿ ಹಿಡಿದು ಎರಡು ಕಡೆ ಗಂಟು ಹಾಕಿದೆ. ಸೊಟ್ಟ ತಂತಿ ನೆಟ್ಟಗಾದರೆ ಉದ್ದ ಬರಲೇಬೇಕು. ಪ್ರತಿ ಅಮಾವಾಸ್ಯೆಗೆ ಅಳೆಯುತ್ತೇನೆ. ನೂಲು ಸುಳ್ಳು ಹೇಳುವುದಿಲ್ಲ.

ನವೆಂಬರ್ ೨೮, ಗುರುವಾರ

ಕಾಫಿ ಹಣ್ಣು ಕುಯಿಲು ಜೋರಾಗಿದೆ. ಕೂಲಿ ಲೈನಿನ ಕೆಂಚ ಏಣಿಯಿಂದ ಜಾರಿ ಹೆಗಲು ಕಳಚಿಕೊಂಡು ಬಂದ. ಹೆಂಡತಿ ಸಿದ್ದಿ ಹಿಂದೆ ಬೈಯುತ್ತಾ ಬಂದಳು. ಅಂಗಳದಲ್ಲೇ ಮಲಗಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೆದೆ. ಒಂದೇ ಸಲಕ್ಕೆ ಕೂತಿತು. ಅವನಿಗೆ ಬಂದ ಸುಖ ಅವನ ಮುಖದಲ್ಲೇ ಕಂಡಿತು.

"ಅವ್ವಾ, ಈ ಕೈಲಿ ಇನ್ನ ಹೆಂಡ್ತಿಗೆ ಹೊಡಿಯಕ್ಕಾಯ್ತದಾ?"

"ಹೊಡಿ ನೋಡಾನ," ಎಂದಳು ಸಿದ್ದಿ, "ಇನ್ನೊಂದು ಕೈನೂ ಅವ್ವನ ತಾವ ತಕ್ಕಂಬತ್ತೀಯ."

ಯಮುನ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಅಜ್ಜಿ, ನಂದೂ ಹಂಗೇ ಒಂದೇ ಸಲಕ್ಕೆ ಎಳೆದುಬಿಡಿ," ಎಂದಳು.

ಡಿಸೆಂಬರ್ ೭, ಹುತ್ತರಿ

ಸಂಜೆ ಪಕ್ಕದ ಗದ್ದೆಮನೆಯವರ ಜೊತೆ ಹೊಸ ಭತ್ತದ ಕದಿರು ತೆಗೆಯಲು ಹೋದೆವು. ಕೋವಿಯ ಸದ್ದು, ತಂಬಿಟ್ಟು, ಪಾಯಸ, ಎಲ್ಲಾ ಆಯಿತು. ದೀಪದ ತಟ್ಟೆ ಯಮುನನ ಕೈಯಲ್ಲಿತ್ತು. ಆ ಮನೆಯ ಹಿರಿಯಾಕೆ ನೋಡಿ, "ಎಂತ ಕೂಸು, ಒಂದು ಕಡೆಗೆ ಓಲಿಕೊಂಡು ನಡೀತುಟ್ಟು?" ಎಂದಳು.

"ತಟ್ಟೆ ಭಾರ," ಎಂದಳು ಪ್ರೇಮಾವತಿ.

ತಟ್ಟೆಯಲ್ಲಿ ಇದ್ದದ್ದು ಒಂದು ದೀಪ, ಎರಡು ವೀಳ್ಯದೆಲೆ.

ಡಿಸೆಂಬರ್ ೨೧, ಅಮಾವಾಸ್ಯೆ

ನೂಲು ಒಂದು ಭತ್ತದ ಕಾಳಿನಷ್ಟು ಉದ್ದ ಬಂದಿದೆ. ಎರಡು ಸಲ ಹಿಡಿದು ನೋಡಿದೆ. ಮೂರನೆಯ ಸಲ ಪ್ರೇಮಾವತಿಯನ್ನು ಕರೆದು ಹಿಡಿಸಿದೆ. ಅವಳಿಗೂ ಅಷ್ಟೇ ಬಂತು. ಅಳತೆಗೆ ಹಿಡಿದ ಕಾಳನ್ನು ಅವಳು ದೇವರ ಮುಂದೆ ಇಟ್ಟಳು.

ಸಾಂತಪ್ಪನಿಗೆ ಈಗ ಧೈರ್ಯವಾಗಿ ಬರೆದೆ. 'ನಿನ್ನ ಮೊಮ್ಮಗಳ ಬೆನ್ನಿನಲ್ಲಿ ಸ್ವಲ್ಪ ಓರೆ ಕಂಡಿತ್ತು. ನನ್ನ ಕೈಗೆ ಬಗ್ಗುತ್ತಿದೆ. ನೀನು ಯೋಚನೆ ಮಾಡಬೇಡ. ಏಲಕ್ಕಿ ಒಣಗಿತೇ?'

೧೯೫೮ ಜನವರಿ ೯, ಗುರುವಾರ

ಸ್ಕೂಲಿನ ಮಕ್ಕಳನ್ನು ಲಾರಿ ಕೆಳಗಿನ ರಸ್ತೆಯಲ್ಲಿ ಇಳಿಸುತ್ತದೆ. ಅಲ್ಲಿಂದ ಮನೆಗೆ ಏರು. ಮೊದಲೆಲ್ಲ ಓಡಿ ಬರುತ್ತಿದ್ದವಳು ಈಗ ನಡುವಿನ ಬಂಡೆಯ ಮೇಲೆ ಕೂತು ಬರುತ್ತಾಳೆ. ಯಾಕೆಂದು ಕೇಳಿದರೆ ಹಕ್ಕಿ ನೋಡ್ತಿದ್ದೆ ಎನ್ನುತ್ತಾಳೆ. ವಯಸ್ಸಿಗೆ ಬರುವ ಹುಡುಗಿಯರು ಹಾಗೆಯೇ, ಕನಸು ಜಾಸ್ತಿ.

ಪ್ರೇಮಾವತಿ ಲಂಗದ ಅಂಚು ಬಿಚ್ಚಿ ಎರಡು ಬೆರಳು ಇಳಿಸಿದಳು. ಬೆನ್ನು ಎದ್ದು ನಿಂತರೆ ಲಂಗವೂ ಮೇಲೆ ಹೋಗುತ್ತದಲ್ಲ. ನನಗೆ ಖುಷಿಯಾಯಿತು.

ಜನವರಿ ೨೦, ಅಮಾವಾಸ್ಯೆ

ಮತ್ತೊಂದು ಕಾಳು.

ಇವತ್ತು ಇನ್ನೊಂದು ಸಂಗತಿ ನಡೆಯಿತು. ಉಬ್ಬಿನ ನಡುವೆ ಅಂಗೈ ಇಟ್ಟು, ಅವಳು ಉಸಿರು ಬಿಟ್ಟ ಹೊತ್ತು ನೋಡಿ, ನನ್ನ ಮೈಭಾರವನ್ನೆಲ್ಲ ಒಮ್ಮೆಲೇ ಹಾಕಿದೆ. ಟಕ್ ಟಕ್ ಎಂದು ಎರಡು ಸದ್ದು ಬಂತು. ಬಾಗಿಲ ಹೊರಗಿದ್ದ ಕುಶಾಲಪ್ಪನಿಗೂ ಕೇಳಿಸಿತು. ಮೂಳೆ ತನ್ನ ಜಾಗಕ್ಕೆ ಹೋಗುವಾಗ ಆಡುವ ಮಾತು ಅದು, ನನಗೆ ಗೊತ್ತಿಲ್ಲವೇ. ಕೆಂಚನ ಹೆಗಲೂ ಹಾಗೆಯೇ ಆಡಿತ್ತು.

ಯಮುನ ತಲೆದಿಂಬನ್ನು ಕಚ್ಚಿ ಹಿಡಿದಿದ್ದಳು.

"ನೋವು ಉಟ್ಟಾ ಮಗ?"

"ಇಲ್ಲೆ ಅಜ್ಜಿ. ಹಗುರ ಆತ್."

ಫೆಬ್ರವರಿ ೩, ಸೋಮವಾರ

ಬೆನ್ನಿನ ಮೇಲೆ ನನ್ನ ಅಂಗೈಯಗಲ ಹಸಿರು ಕಲೆ. ನಾಲ್ಕು ದಿನ ಒತ್ತುವುದು ಬೇಡ, ಬರೀ ಎಣ್ಣೆ.

ಫೆಬ್ರವರಿ ೧೮, ಅಮಾವಾಸ್ಯೆ

ಅರ್ಧ ಕಾಳು. ಕಡಿಮೆ ಬಂತೆಂದು ಬೇಸರವಾಯಿತು. ಯಮುನ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಜ್ಜಿ, ನೀವು ಸರಿಯಾಗಿ ಎಳೆದು ಹಿಡಿಯಲಿಲ್ಲ," ಎಂದು ಉಸಿರು ತುಂಬಿಕೊಂಡು ನೆಟ್ಟಗೆ ನಿಂತಳು. ಇನ್ನೊಂದು ಸಲ ಹಿಡಿದೆ. ಒಂದು ಕಾಳು ಪೂರಾ ಬಂತು. ಇಬ್ಬರೂ ನಕ್ಕೆವು.

ಡಾಕ್ಟರು ಆಫೀಸಿನಲ್ಲಿ ಕುಶಾಲಪ್ಪನನ್ನು ಕೇಳಿದರಂತೆ, ಮದ್ರಾಸಿಗೆ ಬರೆಯಲೇ ಎಂದು. ಮೇ ತಿಂಗಳವರೆಗೆ ಅತ್ತೆಗೆ ಮಾತು ಕೊಟ್ಟಿದ್ದೇನೆ ಎಂದನಂತೆ. ಡಾಕ್ಟರು ಪೆನ್ನು ಜೇಬಿಗೆ ಹಾಕಿಕೊಂಡರಂತೆ.

ಮಾರ್ಚ್ ೧೨, ಬುಧವಾರ

ಮಳೆ ಬಿದ್ದು ಎಂಟು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗೆ ಹೂಬಿಟ್ಟಿದೆ. ಮನೆಯೊಳಗೆ ಕೂತರೂ ಮಲ್ಲಿಗೆಯಂಥ ವಾಸನೆ. ಯಮುನ ದೊಡ್ಡವಳಾದಳು. ನೋಡಲು ಬಂದವರ ಮುಂದೆ ಪ್ರೇಮಾವತಿ ಈ ಸೆಖೆಯಲ್ಲೂ ಶಾಲು ಹೊದಿಸಿ ಕೂರಿಸಿದಳು. ಬಂದವರು ಹುಡುಗಿ ಎತ್ತರ ಆಗಿದ್ದಾಳೆ ಎಂದರು. ನಾನು ಮನಸ್ಸಿನಲ್ಲೇ, ಅದು ನನ್ನ ಎಣ್ಣೆ ಎಂದುಕೊಂಡೆ.

ಏಪ್ರಿಲ್ ೮, ಮಂಗಳವಾರ

ಇದನ್ನು ಬರೆಯಬೇಕೋ ಬೇಡವೋ.

ಉಬ್ಬಿನ ಪಕ್ಕದಲ್ಲಿ ಹೆಬ್ಬೆರಳು ಇಳಿಯುವ ಒಂದು ತಗ್ಗು ಇತ್ತು. ನವೆಂಬರಿನಲ್ಲಿ ನನ್ನ ಬೆರಳು ಅಲ್ಲಿಗೆ ತಾನಾಗಿ ಹೋಗಿ ಕೂರುತ್ತಿತ್ತು. ಈಗ ಬಲಗಡೆಯ ಪಕ್ಕೆಲುಬು ಏರಿ ಬಂದು ಆ ತಗ್ಗನ್ನು ಮುಚ್ಚಿದೆ. ಬೆರಳು ಹತ್ತಿ ಇಳಿಯಬೇಕು. ನನ್ನ ಬೆರಳೇ ಮರಗಟ್ಟಿದೆಯೋ ಏನೋ. ಅರವತ್ತೆರಡು ವರ್ಷದ ಬೆರಳು.

ಪ್ರೇಮಾವತಿ ಹೊಸ ರವಿಕೆ ಹೊಲಿಯುತ್ತಿದ್ದಳು. ಬೆನ್ನಿನ ಎರಡು ತುಂಡು ಬಟ್ಟೆಯನ್ನು ಒಂದರ ಮೇಲೊಂದು ಇಟ್ಟಿದ್ದಳು. ಬಲಗಡೆಯದು ಮೂರು ಬೆರಳು ಅಗಲ ಹೆಚ್ಚು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳು ನೋಡಿದಳು. ತುಂಡುಗಳನ್ನು ಮಡಿಚಿ ಪೆಟ್ಟಿಗೆಗೆ ಹಾಕಿ, "ಸಾರಿಗೆ ಒಗ್ಗರಣೆ ಹಾಕೊಕು," ಎಂದು ಎದ್ದು ಹೋದಳು.

ಏಪ್ರಿಲ್ ೧೯, ಅಮಾವಾಸ್ಯೆ

ಮೊದಲಿನಿಂದ ಕೂಡಿಸಿದರೆ ನಾಲ್ಕು ಕಾಳು. ನೂಲು ಹೇಳುವುದು ಒಂದು, ಬೆರಳು ಹೇಳುವುದು ಇನ್ನೊಂದು. ನನಗೆ ಎರಡನ್ನೂ ಬಿಡಲಾಗುತ್ತಿಲ್ಲ.

ಮಾಕುಟ್ಟದ ಘಾಟಿ ಇಳಿದರೆ ಮಲಬಾರಿನ ಇರಿಟ್ಟಿಯ ಹತ್ತಿರ ಒಬ್ಬ ಗುರುಕ್ಕಳ್ ಇದ್ದಾರಂತೆ. ಕಳರಿ ಎಂಬ ಗರಡಿ ನಡೆಸುವ ಗುರುಗಳು. ಉಳುಕು, ನರ, ಮೂಳೆ ಎಲ್ಲ ನೋಡುತ್ತಾರಂತೆ. ಕಾಳು ಮೆಣಸಿನ ವ್ಯಾಪಾರಿಗಳು ಹೇಳುವುದನ್ನು ಕುಶಾಲಪ್ಪ ಕೇಳಿದ್ದಾನೆ. ಡಾಕ್ಟರ ಮುಂದೆ ಸೋಲುವುದಕ್ಕಿಂತ ನಮ್ಮ ಕಸುಬಿನವರ ಮುಂದೆ ಸೋಲುವುದು ಮೇಲು. ಸೋಲು ಎಂಬ ಮಾತು ಯಾಕೆ ಬಂತೋ. ಅವರಿಗೆ ಗೊತ್ತಿರುವ ಒಂದೆರಡು ಪಟ್ಟು ಕಲಿತು ಬರೋಣವೆಂದು ಹೊರಟಿದ್ದೇನೆ, ಅಷ್ಟೆ.

ಮೇ ೫, ಸೋಮವಾರ, ಇರಿಟ್ಟಿ

ನಾನು, ಕುಶಾಲಪ್ಪ, ಯಮುನ. ವಿರಾಜಪೇಟೆಯಲ್ಲಿ ಬಸ್ಸು ಬದಲಿಸಿ ಬಂದೆವು. ಮಾಕುಟ್ಟದ ಗೇಟಿನಲ್ಲಿ ಪೊಲೀಸಿನವನು ಹತ್ತಿ ಎಲ್ಲರ ಗಂಟು ಬಿಚ್ಚಿಸಿದ. ಆ ಕಡೆ ಹೆಂಡ ಸಾರಾಯಿ ಒಯ್ಯುವಂತಿಲ್ಲ. ನನ್ನ ಎಣ್ಣೆಯ ಬಾಟಲಿ ಎತ್ತಿ ಮೂಸಿದ.

"ಇದೆಂತ ಅಮ್ಮಾ, ಚಾರಾಯಮಾ?"

"ಕುಡಿದು ನೋಡಪ್ಪ," ಎಂದೆ. "ಒಂದು ವಾರ ಗೇಟಿನ ಹತ್ತಿರ ಬರಲ್ಲ ನೀನು. ಬೇರೆ ಕಡೆ ಓಡ್ತಿರ್ತಿ."

ಬಸ್ಸಿನವರೆಲ್ಲ ನಕ್ಕರು. ಯಮುನನೂ ನಕ್ಕಳು. ಬಹಳ ದಿನದ ಮೇಲೆ ಅವಳು ಹಾಗೆ ನಕ್ಕಿದ್ದು. ನಗು ನಿಂತ ಮೇಲೂ ಉಸಿರು ನಿಲ್ಲಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ಬಾಯಿ ತೆರೆದು ಉಸಿರೆಳೆದಳು. ವಿರಾಜಪೇಟೆಯಿಂದ ಇಲ್ಲಿಯವರೆಗೆ ಬರೀ ಕೂತೇ ಬಂದವಳು.

ಕುಶಾಲಪ್ಪ ನನ್ನ ಕಡೆ ನೋಡಿದ. ನಾನು ಬಾಟಲಿಯ ಬಿರಡೆ ಬಿಗಿ ಮಾಡಿದೆ.

ಮೇ ೬, ಮಂಗಳವಾರ

ಗುರುಕ್ಕಳಿಗೆ ನನ್ನಷ್ಟೇ ವಯಸ್ಸು. ಕಳರಿಯ ನೆಲಕ್ಕೆ ಮೆಟ್ಟಿಲಿಳಿದು ಹೋಗಬೇಕು. ತಣ್ಣನೆಯ ಮಣ್ಣು, ಎಣ್ಣೆಯ ವಾಸನೆ. ನನಗೆ ತವರಿಗೆ ಬಂದ ಹಾಗಾಯಿತು. ಕುಶಾಲಪ್ಪ ಅವರ ಮಲೆಯಾಳವನ್ನು ನನಗೆ, ನನ್ನ ಮಾತನ್ನು ಅವರಿಗೆ ಹೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಅವರೇ ಹರಕು ಮುರುಕು ಕನ್ನಡಕ್ಕೆ ಬಂದರು.

ಮೊದಲು ನನ್ನ ಕೈ ಹಿಡಿದು ಹೆಬ್ಬೆರಳಿನ ಬುಡ ಒತ್ತಿ ನೋಡಿದರು. "ಕೆಲಸದ ಕೈ," ಎಂದರು. ಆಮೇಲೆ ಯಮುನನ ಬೆನ್ನಿಗೆ ಎರಡೂ ಕೈ ಇಟ್ಟು ಕಣ್ಣು ಮುಚ್ಚಿಕೊಂಡರು. ಒತ್ತಲಿಲ್ಲ, ಎಳೆಯಲಿಲ್ಲ. ಮುಂದಕ್ಕೆ ಬಗ್ಗಿಸಿ ನೋಡಿದರು, ಡಾಕ್ಟರು ನೋಡಿದ ಹಾಗೆಯೇ.

ನಾನು ನೂಲು ತೆಗೆದೆ. ಒಂದೊಂದು ಗಂಟನ್ನೂ ತೋರಿಸಿ, ಇದು ಧನುರ್ಮಾಸದ್ದು, ಇದು ಶಿವರಾತ್ರಿಯದ್ದು ಎಂದು ಹೇಳಿದೆ. ನಾಲ್ಕು ಕಾಳು ನೆಟ್ಟಗಾಗಿದೆ ಎಂದೆ. ಅವರು ನೂಲನ್ನು ತಮ್ಮ ತೊಡೆಯ ಮೇಲೆ ಚಾಚಿ ಇಟ್ಟುಕೊಂಡು, ಯಮುನನ ಕಾಲಿನ ಕಡೆ ನೋಡಿದರು. ಅಂಚು ಮೂರು ಸಲ ಇಳಿಸಿದ ಲಂಗ, ಆದರೂ ಕಣಕಾಲಿನಿಂದ ಒಂದು ಗೇಣು ಮೇಲಿತ್ತು.

"ಈ ಕುಟ್ಟಿಯ ಪಾವಾಡೆ ಮೋಟು ಆಗಿದೆ. ಕಾಲಿಗೂ ಎಣ್ಣೆ ಹಾಕಿದಿರಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕುಶಾಲಪ್ಪನಿಗೆ ಬೇಗ ಆಯಿತು. ಅವನು ಎದ್ದು ಮೆಟ್ಟಿಲು ಹತ್ತಿ ಹೊರಗೆ ಹೋದ.

ಮಗು ಬೆಳೆದಿದ್ದಾಳೆ. ಕಾಲು ಬೆಳೆದ ಹಾಗೆ ಬೆನ್ನೂ ಬೆಳೆದಿದೆ. ನಾನು ಅಳೆದದ್ದು ಅವಳ ಪ್ರಾಯವನ್ನು. ಸೊಟ್ಟವೂ ಅದರ ಜೊತೆಗೇ ಬೆಳೆದಿದೆ, ಕಾಳು ಕಾಳಾಗಿ, ನನ್ನ ಕೈಯ ಕೆಳಗೇ.

"ಜಾರಿದ ಮೂಳೆಯಾದರೆ ನಾನು ಕೂರಿಸುತ್ತೇನೆ, ನೀವೂ ಕೂರಿಸುತ್ತೀರಿ," ಎಂದರು ಗುರುಕ್ಕಳ್. "ಇದು ಜಾರಿಲ್ಲ. ಬೆಳೆದಿರುವುದೇ ಹೀಗೆ. ನೋವು ಕಡಿಮೆ ಆಗಲು ಎಣ್ಣೆ ಹಾಕಿ ತಿಕ್ಕುವ ಉಳಿಚ್ಚಿಲ್ ಮಾಡಬಹುದು. ನೆಟ್ಟಗೆ ಮಾಡಲು ಕೈಯಿಂದ ಆಗುವುದಿಲ್ಲ. ದೊಡ್ಡ ಆಸ್ಪತ್ರೆಗೆ ಬೇಗ ಹೋಗಿ." ಸ್ವಲ್ಪ ತಡೆದು ಹೇಳಿದರು, "ನಾನೂ ಒಂದು ಹುಡುಗಿಗೆ ಎರಡು ವರ್ಷ ಒತ್ತಿದ್ದೆ. ಆಗ ನನಗೆ ಹೀಗೆ ಹೇಳುವವರು ಇರಲಿಲ್ಲ."

ಆ ಹುಡುಗಿ ಏನಾದಳು ಎಂದು ನಾನು ಕೇಳಲಿಲ್ಲ.

ಮೇ ೭, ಬುಧವಾರ

ವಾಪಸು ಬರುವಾಗ ಬಸ್ಸಿನಲ್ಲಿ ಕುಶಾಲಪ್ಪ ಮುಂದಿನ ಸೀಟಿನಲ್ಲಿ ಕೂತ. ಯಮುನ ನನ್ನ ಪಕ್ಕ. ಘಾಟಿ ಹತ್ತುವಾಗ ಕೇಳಿದೆ, "ನಿಂಗೆ ಗೊತ್ತಿತ್ತಾ ಮಗ?"

"ಹ್ಞೂಂ."

"ಯಾವಾಗಿಂದ?"

"ಶಿವರಾತ್ರಿ ಹೊತ್ತಿಗೆ. ಸ್ಕೂಲಲ್ಲಿ ಡ್ರಿಲ್ ಮಾಡಿಸುವಾಗ ಹಿಂದಿನ ಸಾಲಿನ ಹುಡುಗಿಯರು ಗೂನಿ ಹೇಳಿ ಕರೆಯಿಕೆ ಶುರು ಮಾಡಿದ್ದೊ. ಮೊದಲು ಕರೀತಿರಲಿಲ್ಲೆ."

"ನಂಗೆ ಯಾಕೆ ಹೇಳಿಲ್ಲೆ?"

ಅವಳು ಕಿಟಕಿಯ ಹೊರಗೆ ನೋಡಿಕೊಂಡೇ ಹೇಳಿದಳು. "ನೀವು ನೂಲು ಹಿಡಿದು ನಗ್ತಾ ಇದ್ರಿ ಅಜ್ಜಿ. ಹೆಂಗೆ ಹೇಳೊದು."

ಮೇ ೧೧, ಭಾನುವಾರ

ಸಾಂತಪ್ಪನಿಗೆ ಕಾಗದ ಬರೆಯಲು ಕೂತೆ. ಕ್ಷೇಮ ಎಂದು ಬರೆದು ನಿಂತುಬಿಟ್ಟೆ.

ಜೂನ್ ೧೧, ಬುಧವಾರ, ಆಸ್ಪತ್ರೆ

ಎಸ್ಟೇಟಿನ ಡಾಕ್ಟರೇ ಕಾಗದ ಬರೆದು ಜಾಗ ಮಾಡಿಸಿಕೊಟ್ಟರು. ನಾನು ಹೇಳಿದ್ದೆ ಅಲ್ಲವೇ ಎನ್ನಬಹುದಿತ್ತು, ಎನ್ನಲಿಲ್ಲ. ಮೈಸೂರಿನಿಂದ ಎರಡು ರೈಲು. ಇಲ್ಲಿ ಸೆಖೆ ಎಂದರೆ ಹೊದ್ದ ಸೆರಗೂ ಭಾರ. ಪ್ರೇಮಾವತಿಯೂ ನಾನೂ ಮಗುವಿನ ಜೊತೆ ಇದ್ದೇವೆ. ಕುಶಾಲಪ್ಪ ನಾಳೆ ಹೊರಡುತ್ತಾನೆ.

ಬೆನ್ನಿನ ಪೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೂವತ್ತು ವರ್ಷ ಬೆರಳಿನಲ್ಲಿ ನೋಡಿದ್ದನ್ನು ಇವತ್ತು ಕಣ್ಣಿನಲ್ಲಿ ನೋಡಿದೆ. ಒಂದೊಂದು ಮಣಿಯೂ ಓರೆಯಾಗಿ, ತಿರುಚಿಕೊಂಡು, ಒಂದರ ಮೇಲೊಂದು ಜಾರದೆ ಗಟ್ಟಿಯಾಗಿ ಕೂತಿದೆ. ಅಲ್ಲಿ ಕೂರಿಸಲು ಏನೂ ಇಲ್ಲ. ಎಲ್ಲಾ ಕೂತೇ ಇದೆ.

ದೊಡ್ಡ ಡಾಕ್ಟರ ಮಾತನ್ನು ಕನ್ನಡ ಬರುವ ನರ್ಸಮ್ಮ ನಮಗೆ ಹೇಳುತ್ತಿದ್ದಳು. ಮೊದಲು ಪ್ಲಾಸ್ಟರಿನಲ್ಲಿ ಆದಷ್ಟು ಎಳೆದು, ಆಮೇಲೆ ಸೊಂಟದಿಂದ ಮೂಳೆ ತೆಗೆದು ಬೆನ್ನಿಗೆ ಬೆಸೆಯಬೇಕಂತೆ. ಅನಂತರ ಎಂಟೊಂಬತ್ತು ತಿಂಗಳು ಮಲಗಿಯೇ ಇರಬೇಕು. ಪೂರಾ ನೆಟ್ಟಗಾಗುವುದಿಲ್ಲ. ಇನ್ನು ಮುಂದಕ್ಕೆ ಹೋಗದೆ ನಿಲ್ಲಿಸುವುದೇ ಉದ್ದೇಶ, ಇಲ್ಲದಿದ್ದರೆ ಶ್ವಾಸಕೋಶಕ್ಕೆ ಜಾಗ ಉಳಿಯುವುದಿಲ್ಲ. ಆಪರೇಷನ್ನಿನಲ್ಲಿ ಜೀವಕ್ಕೆ ಅಪಾಯವಿಲ್ಲ ಎಂದು ಅವರು ಹೇಳಲಿಲ್ಲ.

"ನವೆಂಬರಿನಲ್ಲೇ ಬಂದಿದ್ದರೆ?" ಎಂದು ಪ್ರೇಮಾವತಿ ಕೇಳಿದಳು.

ಪ್ಲಾಸ್ಟರಿನಲ್ಲೇ ತಡೆಯಬಹುದಿತ್ತೇನೋ, ಖಚಿತವಾಗಿ ಹೇಳಲಾಗದು ಎಂದರು. ಯಾಕೆ ತಡವಾಯಿತು ಎಂದು ಕೇಳಿದರು.

"ಕುಯಿಲಿನ ಕಾಲ," ಎಂದ ಕುಶಾಲಪ್ಪ. "ನಂಗೆ ರಜೆ ಸಿಗಲಿಲ್ಲ."

ಡಾಕ್ಟರು ಅದನ್ನು ಕಾಗದದಲ್ಲಿ ಬರೆದುಕೊಂಡರು. ಅವನ ಮುಖ ಕೆಂಪಾಗಿತ್ತು. ನಾನು ಅಲ್ಲೇ ಇದ್ದೆ. ಬಾಯಿ ಇತ್ತು.

ಜೂನ್ ೧೨, ಗುರುವಾರ

ಕುಶಾಲಪ್ಪ ಬೆಳಿಗ್ಗೆ ರೈಲಿಗೆ ಹೋದ. ನನ್ನ ಕಾಲು ಮುಟ್ಟಿ ಹೋದ. ನಾನು ಹಿಂದೆ ಸರಿಯಬೇಕಿತ್ತು.

ಮಧ್ಯಾಹ್ನ ವರಾಂಡದಲ್ಲಿ ಪ್ರೇಮಾವತಿಗೆ ಹೇಳಿದೆ, "ರಜೆಯ ಮಾತು ಸುಳ್ಳು. ಆರು ತಿಂಗಳು ಕೇಳಿದವಳು ನಾನು."

ಅವಳು ಮಗಳ ಬಟ್ಟೆ ಹಿಂಡುತ್ತಿದ್ದಳು. "ಕೇಳಿದ್ದು ನೀವು. ಕೊಡಿಸಿದ್ದು ನಾನು ಅತ್ತೆ. ಯಮುನನ ಅಪ್ಪ ಎರಡು ಸಲ ಮದ್ರಾಸಿಗೆ ಹೊರಟಿದ್ದೊ. ಊರಿಗೆ ಗೊತ್ತಾದು ಬೇಡ ಹೇಳಿ ನಾನೇ ತಡೆದೆ. ಶಾಲು ಹೊದಿಸಿದ್ದು ಯಾರು, ನೀವಾ?" ಬಟ್ಟೆಯನ್ನು ಮತ್ತೆ ಹಿಂಡಿದಳು. ಅದರಲ್ಲಿ ನೀರೇ ಇರಲಿಲ್ಲ.

ನರ್ಸಮ್ಮನನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಡಾಕ್ಟರ ಕಾಗದದಲ್ಲಿ ಮಗುವಿನ ಅಪ್ಪನ ಮೇಲೆ ತಪ್ಪು ಬರೆದಿದೆ, ಅದನ್ನು ತಿದ್ದಬೇಕು, ಮನೆಯಲ್ಲಿ ಮೂಳೆ ಒತ್ತುವ ಮುದುಕಿ ಬಿಡಲಿಲ್ಲ ಎಂದು ಬರೆಯಿರಿ ಎಂದೆ. ಅವಳು ನನ್ನ ಮುಖ ನೋಡಿದಳು. "ಅದರಿಂದ ಈಗ ಏನು ಆಗಬೇಕು ಅಜ್ಜಿ?"

"ನಮ್ಮಂಥವರು ಇನ್ನೂ ಇದ್ದಾರೆ. ನಿಮಗೆ ಗೊತ್ತಿರಲಿ," ಎಂದೆ.

ಬರೆದಳೋ ಇಲ್ಲವೋ ಗೊತ್ತಿಲ್ಲ. ಸಂಜೆ ಸಾಂತಪ್ಪನಿಗೆ ಬರೆದೆ, ಎಲ್ಲಾ, ನವೆಂಬರಿನಿಂದ. ಮೂರು ಹಾಳೆಯಾಯಿತು. ಓದಿ ನೋಡದೆ ಅಂಚೆಗೆ ಹಾಕಿದೆ.

ಜುಲೈ ೨, ಬುಧವಾರ

ಪ್ಲಾಸ್ಟರು ಹಾಕಿದರು. ಗಲ್ಲದಿಂದ ಸೊಂಟದ ಕೆಳಗಿನವರೆಗೆ. ತಲೆಯನ್ನೊಂದು ಕಡೆ, ಕಾಲನ್ನೊಂದು ಕಡೆ ಪಟ್ಟಿ ಕಟ್ಟಿ ಎಳೆದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಯಮುನ ಈ ಸಲ ದಿಂಬು ಕಚ್ಚಲಿಲ್ಲ. ಬಾಯಿ ಬಿಟ್ಟು ಕೂಗಿದಳು. ನೋವು ಎಂದಳು, ಸಾಕು ಎಂದಳು. ಎಳೆಯುತ್ತಿದ್ದವರು ಅವಳು ಸಾಕು ಎಂದಾಗಲೆಲ್ಲ ನಿಲ್ಲಿಸಿ, ಕೇಳಿ, ಮತ್ತೆ ಎಳೆದರು.

ಜುಲೈ ೬, ಭಾನುವಾರ

ಸಾಂತಪ್ಪನ ಉತ್ತರ ಬಂತು. ನಾಲ್ಕೇ ಸಾಲು. 'ಅಕ್ಕನಿಗೆ ನಮಸ್ಕಾರ. ನಿನ್ನ ಕಾಗದ ತಲುಪಿತು. ಮಗುವಿಗೆ ಏನು ಬೇಕೋ ಬರೆ. ನಿನಗೆ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ.'

ಯಮುನನಿಗೆ ಓದಿ ಹೇಳುವಾಗ ಕೊನೆಯ ಸಾಲು ಬಿಟ್ಟೆ. "ಅಜ್ಜ ಇಷ್ಟೇನಾ ಬರೆದದ್ದು?" ಎಂದಳು. ಮತ್ತೆ ಕಾಗದ ತೆಗೆದು ಕೊನೆಯ ಸಾಲನ್ನೂ ಓದಿದೆ. "ಅಜ್ಜಂಗೆ ನೀವು ಬರೀತಾ ಇರಿ," ಎಂದಳು.

ಜುಲೈ ೯, ಬುಧವಾರ

ಹತ್ತು ಗಂಟೆಗೆ ಆಪರೇಷನ್ನು. ಏಳಕ್ಕೇ ನಮ್ಮನ್ನು ಒಳಗೆ ಬಿಟ್ಟರು. ಪ್ರೇಮಾವತಿ ಕೂದಲು ಬಾಚಿ ಎರಡು ಜಡೆ ಹಾಕಿದಳು. ಆಮೇಲೆ ತಡೆಯಲಾಗದೆ ಹೊರಗೆ ಹೋದಳು.

ಪ್ಲಾಸ್ಟರಿನಲ್ಲಿ ಹೊಟ್ಟೆಯ ಮೇಲೆ ಅಂಗೈಯಗಲ ಕಿಟಕಿ ಕತ್ತರಿಸಿದ್ದಾರೆ, ಉಸಿರಿಗೆ ಹೊಟ್ಟೆ ಏಳಬೇಕಲ್ಲ, ಅದಕ್ಕೆ. ಬೆನ್ನಿನ ಕಡೆ ಕತ್ತರಿಸುವುದು ಆಪರೇಷನ್ನಿಗೆ ಒಳಗೆ ಹೋದ ಮೇಲಂತೆ. ಬೇರೆಲ್ಲ ಕಡೆ ಗೋಡೆಯ ಹಾಗೆ ಗಟ್ಟಿ. ಅಷ್ಟೊಂದೇ ಜಾಗದಲ್ಲಿ ಮಗುವಿನ ಮೈ ಕಾಣುತ್ತದೆ.

"ಅಜ್ಜಿ, ಕೈ ಇಡಿ."

ಅಭ್ಯಾಸಬಲದಿಂದ ನನ್ನ ಬೆರಳು ಮಡಿಚಿ, ಹೆಬ್ಬೆರಳು ಮುಂದಾಯಿತು.

"ಒತ್ತೊದು ಬೇಡ. ಸುಮ್ಮನೆ ಇಡಿ."

ಇಟ್ಟೆ. ಅವಳು ಹೆದರಿದ್ದಳು. ಉಸಿರು ಸಣ್ಣದಾಗಿ, ಬೇಗ ಬೇಗ ಬರುತ್ತಿತ್ತು. ಏನಾದರೂ ಮಾಡಬೇಕೆಂದು ಕೈ ತುಡಿಯಿತು. ಏನೂ ಮಾಡಲಿಲ್ಲ. ಅವಳ ಹೊಟ್ಟೆ ಎದ್ದಾಗ ಕೈ ಎದ್ದಿತು, ಇಳಿದಾಗ ಇಳಿಯಿತು. ಎಷ್ಟು ಹೊತ್ತು ಹಾಗಿದ್ದೆವೋ. ಗಾಡಿ ತಳ್ಳುವವರು ಬಂದು ಬಾಗಿಲಲ್ಲಿ ನಿಂತರು. ನರ್ಸಮ್ಮ ಅವರಿಗೆ ಕೈ ತೋರಿಸಿ ನಿಲ್ಲಿಸಿದಳು.

ಈಗ ಹನ್ನೆರಡೂವರೆ. ಪ್ರೇಮಾವತಿ ನನ್ನ ಭುಜಕ್ಕೆ ತಲೆ ಇಟ್ಟಿದ್ದಾಳೆ. ಆಪರೇಷನ್ ಕೋಣೆಯ ಬಾಗಿಲು ಇನ್ನೂ ತೆರೆದಿಲ್ಲ.